ಕಾಲುವೆ, ಗಟಾರ, ಬ್ಯಾರಲ್: ಸುರಪುರ ಸೀಮೆಯ ಸೊಳ್ಳೆ ರೋಗಗಳು

2016-17ರಲ್ಲಿ ಆನೆಕಾಲು ರೋಗಕ್ಕೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಹೊಸ ಕ್ರಮವನ್ನು ಐದು ದೇಶಗಳಲ್ಲಿ, ಊರಿನ ಜನರ ನಡುವೆಯೇ ಪರೀಕ್ಷಿಸಿ ನೋಡಿದರು. ಎಲ್ಲ ಕಡೆ ಸೇರಿ 26 ಸಾವಿರಕ್ಕೂ ಹೆಚ್ಚು ಜನ ಮಾತ್ರೆ ನುಂಗಿದರು. ಹೈಟಿ, ಫಿಜಿ, ಪಪುವಾ ನ್ಯೂಗಿನಿ, ಇಂಡೊನೇಷ್ಯಾ ಈ ನಾಲ್ಕೂ ಸಮುದ್ರದ ನಡುವಿನ ದ್ವೀಪನಾಡುಗಳು. ಐದನೆಯದು ಭಾರತ. ಭಾರತದಲ್ಲಿ ಈ ಕೆಲಸಕ್ಕೆ ಆರಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯನ್ನು.

ಎರೆ ನೆಲ, ತೊಗರಿ, ಹತ್ತಿ, ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ಬರಪೀಡಿತ ಎಂದೇ ಕಡತಗಳಲ್ಲಿ ಹೆಸರು ಹೊತ್ತ ಸೀಮೆ ಇದು. ತೆಂಗು ತೂಗುವ, ವರ್ಷವಿಡೀ ಮಳೆ ಸುರಿಯುವ ದ್ವೀಪಗಳ ಪಕ್ಕಕ್ಕೆ ಇದು ಹೋಗಿ ಕೂತದ್ದು ಹೇಗೆ? ಸೊಳ್ಳೆಗೆ ಸಮುದ್ರವೂ ಬೇಡ, ವರ್ಷವಿಡೀ ಮಳೆಯೂ ಬೇಡ. ವಾರ ಹತ್ತು ದಿನ ಅಲುಗಾಡದೆ ನಿಂತ ನೀರು, ಹತ್ತಿರದಲ್ಲಿ ಮಲಗುವ ಮನುಷ್ಯರು, ಇಷ್ಟಿದ್ದರೆ ಸಾಕು. ಆ ನೀರನ್ನು ದ್ವೀಪಗಳಲ್ಲಿ ಆಕಾಶ ಕೊಡುತ್ತದೆ. ಸುರಪುರ, ಶಹಾಪುರ, ರಂಗಂಪೇಟೆಯ ಸುತ್ತ ಅದನ್ನು ಒದಗಿಸಿದವರು ನಾವೇ. ಕಾಲುವೆ ತಂದೆವು, ಮುಚ್ಚಿಗೆಯಿಲ್ಲದ ಗಟಾರ ಕಟ್ಟಿದೆವು. ನಳದ ನೀರು ದಿನಾ ಬಾರದ್ದರಿಂದ ಮನೆತುಂಬ ಬ್ಯಾರಲ್ ಇಟ್ಟೆವು. ಈ ಮೂರು ನೀರಿನಲ್ಲಿ ಮೂರು ಬೇರೆ ಜಾತಿಯ ಸೊಳ್ಳೆ ಹುಟ್ಟುತ್ತವೆ. ಅವು ಕಚ್ಚುವ ಹೊತ್ತು ಬೇರೆ, ತರುವ ರೋಗ ಬೇರೆ. ನಮ್ಮ ಬೇಡಿಕೆ ಮಾತ್ರ ಒಂದೇ: "ಹೊಗಿ ಹೊಡಸ್ರೀ." ಈ ಬೇಡಿಕೆ ಯಾಕೆ ಸೋಲುತ್ತದೆಂದು ತಿಳಿಯಬೇಕಾದರೆ ಒಂದೊಂದು ನೀರನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲು ಕಾಲುವೆ. ಜ್ವರ ಈ ಸೀಮೆಗೆ ಹೊಸದಲ್ಲ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿ ಕೂತು ಆಡಳಿತ ನಡೆಸುತ್ತಿದ್ದಾಗ ಚಳಿಜ್ವರಕ್ಕೆ ಜೌಗಿನ ಕೆಟ್ಟ ಗಾಳಿಯೇ ಕಾರಣವೆಂದು ವೈದ್ಯರೂ ನಂಬಿದ್ದರು. 1858ರ ಬಂಡಾಯದ ನಂತರ ಸುರಪುರ ಸಂಸ್ಥಾನ ಅಳಿದು ನಿಜಾಮರ ಸೀಮೆಗೆ ಸೇರಿತು. ಅದೇ ನಿಜಾಮರ ರಾಜ್ಯದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡ. ಜಗತ್ತಿನ ವೈದ್ಯಶಾಸ್ತ್ರ ದಿಕ್ಕು ಬದಲಿಸಿದ ಆ ಶೋಧ ನಡೆದದ್ದು ನಮ್ಮ ಅಜ್ಜ ಮುತ್ತಜ್ಜರು ಯಾವ ದೊರೆಗೆ ಕಂದಾಯ ಕಟ್ಟುತ್ತಿದ್ದರೋ ಅದೇ ದೊರೆಯ ನೆಲದಲ್ಲಿ. ಶಾಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕೆಂದು ನನಗೆ ಬಹಳ ಆಸೆ.

ಹಳೆಯ ಕಾಲದ ಮಲೇರಿಯಾ ಹಳ್ಳ, ಬಾವಿ, ಕೆರೆಯಂಗಳದ ಮಲೇರಿಯಾ. ಮಳೆಯ ಬೆನ್ನಿಗೆ ಏರುತ್ತಿತ್ತು, ಬಿಸಿಲು ಬಿದ್ದು ಹಳ್ಳ ಬತ್ತಿದಂತೆ ಇಳಿಯುತ್ತಿತ್ತು. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ತುಂಬಿ ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಹುಣಸಗಿ ಶಾಖೆ, ಶಹಾಪುರ ಶಾಖೆ, ಮುಡಬೂಳ ಶಾಖೆ ಎಂದು ನೀರು ಕವಲೊಡೆಯುತ್ತ ಹೋಯಿತು. ಹಸಿವು ಕಂಡ ಮನೆಗಳಲ್ಲಿ ಅನ್ನ ಬೆಂದದ್ದು ಆ ನೀರಿನಿಂದ. ಕಾಲುವೆಯನ್ನು ದೂರುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಆದರೆ ಆ ಯೋಜನೆಯನ್ನು ರೂಪಿಸಿದ್ದು ಲಘು ನೀರಾವರಿ ಬೆಳೆಗಳಿಗೆ. ಜೋಳ, ಶೇಂಗಾ, ತೊಗರಿ, ಹತ್ತಿಗೆ ಆಗಾಗ ನೀರುಣಿಸಿ ಹೆಚ್ಚು ಹೊಲ ತಣಿಸಬೇಕೆಂಬ ಲೆಕ್ಕ. ಕಾಲುವೆಯ ಮೇಲ್ತಲೆಯಲ್ಲಿ ಆದದ್ದು ಭತ್ತ. ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಶುರುವಾದ ಗದ್ದೆ ಕ್ರಮೇಣ ಊರವರ ಹೊಲಕ್ಕೂ ಹಬ್ಬಿತು. ಕೆಳಭಾಗದ ರೈತರಿಗೆ ನೀರು ಮುಟ್ಟಲಿಲ್ಲ. ಮೇಲ್ಭಾಗದಲ್ಲಿ ನೀರು ಬಸಿದು ಹೋಗದೆ ನೆಲ ಸವಳು ಜವಳು ಹಿಡಿಯಿತು. ಏರಿಗೆ ಮಣ್ಣು ತೆಗೆದ ಗುಂಡಿ, ಕಾಲುವೆಯ ಬಿರುಕಿನಿಂದ ಜಿನುಗುವ ನೀರು, ಹೊಲಗಾಲುವೆಯ ಕೊನೆಯಲ್ಲಿ ನಿಂತ ಮಡು, ನಾಟಿಯಾದ ಮೊದಲ ವಾರಗಳ ತಿಳಿನೀರ ಗದ್ದೆ. ನಮ್ಮ ಹಳ್ಳಿಗಳ ಮುಖ್ಯ ಮಲೇರಿಯಾ ವಾಹಕ ಅನಾಫಿಲಿಸ್ ಕ್ಯುಲಿಸಿಫೇಸಿಸ್‌ಗೆ ಬೇಕಾದದ್ದು ಇದೇ ನೀರು. ಅದು ಹೊಲಸು ನೀರಿನ ಸೊಳ್ಳೆಯಲ್ಲ. ಬಿಸಿಲು ಬೀಳುವ, ಸ್ವಚ್ಛವಾದ, ಮೆಲ್ಲಗೆ ನಿಂತ ನೀರು ಅದಕ್ಕೆ ಇಷ್ಟ. 1990ರ ದಶಕದಲ್ಲಿ ಕರ್ನಾಟಕದ ಮಲೇರಿಯಾ ನಕಾಶೆಯಲ್ಲಿ ದಟ್ಟವಾಗಿ ಕಾಣುತ್ತಿದ್ದದ್ದು ಅಖಂಡ ವಿಜಯಪುರ, ರಾಯಚೂರು, ಕಲಬುರಗಿ ಜಿಲ್ಲೆಗಳ ಈ ಯೋಜನಾ ಪ್ರದೇಶವೇ.

ಇದು ಯಾರೂ ಊಹಿಸದ ಅನಾಹುತವಾಗಿರಲಿಲ್ಲ. 1930ರ ದಶಕದಲ್ಲಿ ಮಂಡ್ಯದ ಇರ್ವಿನ್ ಕಾಲುವೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದ ಬೆನ್ನಿಗೇ ಅಲ್ಲಿ ಮಲೇರಿಯಾ ಎದ್ದಿತ್ತು. ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಶೋಧನೆ ನಡೆಸಿತ್ತು. ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಅನಂತಸ್ವಾಮಿ ರಾವ್ ಅವರು ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ಅನಾಫಿಲಿಸ್ ಸ್ಟೀಫೆನ್ಸಿಯಲ್ಲಿ ಪಟ್ಟಣದ ತಳಿ ಬೇರೆ, ಹಳ್ಳಿಯ ತಳಿ ಬೇರೆ ಎಂದು 1937ರಲ್ಲಿ ತೋರಿಸಿದರು. ಹಳ್ಳಿಯದಕ್ಕೆ 'ಮೈಸೊರೆನ್ಸಿಸ್' ಎಂಬ ಹೆಸರು ಇಂದಿಗೂ ಜಗತ್ತಿನ ಗ್ರಂಥಗಳಲ್ಲಿದೆ. ಅಂದರೆ ನಾರಾಯಣಪುರದ ಗೇಟು ಎತ್ತುವ ಹೊತ್ತಿಗೆ, ಕಾಲುವೆಯ ಜೊತೆಗೆ ಬಸಿಗಾಲುವೆಯನ್ನೂ ಮಲೇರಿಯಾ ಸಿಬ್ಬಂದಿಯನ್ನೂ ತರಬೇಕೆಂಬ ಪಾಠಕ್ಕೆ ಇದೇ ನಾಡಿನಲ್ಲಿ ಐವತ್ತು ವರ್ಷ ತುಂಬುತ್ತಿತ್ತು. ಪಾಠ ಮೈಸೂರಿನ ಕಡತದಲ್ಲಿ ಉಳಿಯಿತು, ಕಾಲುವೆ ಮಾತ್ರ ಕೃಷ್ಣೆಗೆ ಬಂತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಈಗ ಮಲೇರಿಯಾ ಬಹಳ ಇಳಿದಿದೆ. ದೇಶದಲ್ಲಿ 2015ರಲ್ಲಿ 11 ಲಕ್ಷಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು, 2023ರಲ್ಲಿ ಎರಡೂಕಾಲು ಲಕ್ಷದ ಆಸುಪಾಸು. ಔಷಧ ಲೇಪಿತ ಸೊಳ್ಳೆ ಪರದೆ, ಹಳ್ಳಿಯಲ್ಲೇ ಕಾಲು ಗಂಟೆಯಲ್ಲಿ ಫಲಿತಾಂಶ ಕೊಡುವ ರಕ್ತಪರೀಕ್ಷೆಯ ಕಿಟ್, ಆರ್ಟೆಮಿಸಿನಿನ್ ಕೂಡಿದ ಮಾತ್ರೆ, ಆಶಾ ಕಾರ್ಯಕರ್ತೆಯರು ಇವೆಲ್ಲದರ ಫಲ ಅದು. ಇಳಿದಾಗಲೇ ಎಚ್ಚರ ತಪ್ಪುವುದು ಎಂಬುದಕ್ಕೆ ನಮ್ಮ ನೆರೆಯ ದ್ವೀಪವೇ ಸಾಕ್ಷಿ. ಶ್ರೀಲಂಕಾದಲ್ಲಿ 1963ರಲ್ಲಿ ಇಡೀ ದೇಶಕ್ಕೆ 17 ಮಲೇರಿಯಾ ಪ್ರಕರಣ ಮಾತ್ರ ಉಳಿದಿದ್ದವು. ಸಿಂಪಡಣೆ ನಿಲ್ಲಿಸಿದರು, ಕಣ್ಗಾವಲು ಸಡಿಲಾಯಿತು. 1967-69ರ ಅಲೆಯಲ್ಲಿ ಐದು ಲಕ್ಷ ಜನ ಮಲಗಿದರು. ಮತ್ತೆ ಐವತ್ತು ವರ್ಷ ಬೆವರು ಹರಿಸಿ 2016ರಲ್ಲಿ ಆ ದೇಶ ಮಲೇರಿಯಾಮುಕ್ತ ಎನಿಸಿಕೊಂಡಿತು. ಅದೇ ವರ್ಷದ ಕೊನೆಗೆ ಅಲ್ಲಿನ ಮನ್ನಾರ್ ದ್ವೀಪದ ಬಾವಿಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸಿಕ್ಕಿತು. ಭಾರತವೂ 1960ರ ದಶಕದ ನಡುವೆ ಒಂದು ಲಕ್ಷಕ್ಕೆ ಇಳಿಸಿಕೊಂಡಿದ್ದ ಮಲೇರಿಯಾವನ್ನು 1976ರಲ್ಲಿ 64 ಲಕ್ಷಕ್ಕೆ ಏರಗೊಟ್ಟಿತ್ತು.

ನಮ್ಮಲ್ಲಿ ಅದು ಮರಳಿ ಬರುವ ದಾರಿ ಗುಳೆಯ ದಾರಿ. ಸುಗ್ಗಿ ಮುಗಿದ ಮೇಲೆ ಈ ತಾಲ್ಲೂಕುಗಳ ಜನ ಬೆಂಗಳೂರು, ಮುಂಬೈ, ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಕಟ್ಟುತ್ತಿರುವ ಕಟ್ಟಡದ ನೀರಿನ ತೊಟ್ಟಿ, ಕ್ಯೂರಿಂಗಿಗೆ ನಿಲ್ಲಿಸಿದ ನೀರು ಪಟ್ಟಣದ ಸ್ಟೀಫೆನ್ಸಿಯ ತವರು. ಮಂಗಳೂರಿನಲ್ಲಿ 1990ರ ದಶಕದಿಂದ ಮಲೇರಿಯಾ ಬೇರೂರಿದ್ದು ಹೀಗೆಯೇ. ಅಲ್ಲಿ ತಗುಲುವುದು ಹೆಚ್ಚಾಗಿ ವೈವಾಕ್ಸ್ ಬಗೆಯ ಮಲೇರಿಯಾ. ಅದರ ಪರೋಪಜೀವಿ ಯಕೃತ್ತಿನಲ್ಲಿ ಅವಿತು ಕೂರುತ್ತದೆ, ತಿಂಗಳುಗಳ ನಂತರ ಎದ್ದು ಬರುತ್ತದೆ. ಅವಿತದ್ದನ್ನು ಕೊಲ್ಲಲು 14 ದಿನ ಪ್ರಿಮಾಕ್ವಿನ್ ಮಾತ್ರೆ ನುಂಗಬೇಕು. ಮೂರನೆಯ ದಿನ ಜ್ವರ ಬಿಟ್ಟರೆ ಕೂಲಿಗೆ ಹೋಗಲೇಬೇಕಾದವನು ಹದಿನಾಲ್ಕನೆಯ ದಿನದವರೆಗೆ ಮಾತ್ರೆ ನೆನಪಿಡುವುದು ಕಷ್ಟ. ಯುಗಾದಿಗೋ ಜಾತ್ರೆಗೋ ಊರಿಗೆ ಬಂದಾಗ ಜ್ವರ ಮರುಕಳಿಸುತ್ತದೆ. ಗದ್ದೆಯ ಸೊಳ್ಳೆ ಕಾದಿರುತ್ತದೆ. ಗುಳೆಯಿಂದ ಬಂದ ಪ್ರತಿಯೊಬ್ಬರ ರಕ್ತದ ಹನಿಯನ್ನು ಅವರು ಬಂದ ವಾರದಲ್ಲೇ ಪರೀಕ್ಷಿಸುವುದು ಈ ಜಿಲ್ಲೆಯಲ್ಲಿ ಬೇರೆಲ್ಲ ಕ್ರಮಗಳಿಗಿಂತ ಮೇಲಿನದು ಎಂದು ನನ್ನ ನಂಬಿಕೆ.

ದ್ವೀಪದ ಮಾತು ಬಂತು. ನಮ್ಮಲ್ಲೂ ನಿಜವಾದ ದ್ವೀಪಗಳಿವೆ, ಗಡ್ಡಿ ಎನ್ನುತ್ತೇವೆ. ಸುರಪುರ ತಾಲ್ಲೂಕಿನ ಕಕ್ಕೇರಾ ಕಡೆಯ ನೀಲಕಂಠರಾಯನಗಡ್ಡಿ, ಆಚೆ ಲಿಂಗಸುಗೂರು ತಾಲ್ಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿ, ಓಂಕಮ್ಮನಗಡ್ಡಿ. ನಾರಾಯಣಪುರದ ಗೇಟು ತೆರೆದರೆ ಇವು ಸುತ್ತ ನೀರಾಗಿ ನಿಲ್ಲುತ್ತವೆ. 2014ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಉಕ್ಕುವ ಕೃಷ್ಣೆಯನ್ನು ಈಜಿ ದಾಟಿ ಆಸ್ಪತ್ರೆಯ ದಾರಿ ಹಿಡಿದ ಸುದ್ದಿ ದೇಶವಿದೇಶ ತಿರುಗಿತು. ಜ್ವರದ ಲೆಕ್ಕದಲ್ಲಿ ಗಡ್ಡಿಯ ಕಷ್ಟ ಹೊಳೆ ದಾಟುವುದರಲ್ಲಿದೆ. ಫಾಲ್ಸಿಪ್ಯಾರಮ್ ಮಲೇರಿಯಾ ಮಿದುಳಿಗೇರಲು ಕೆಲವೇ ದಿನ ಸಾಕು. ಮಳೆಗಾಲದ ಆ ಕೆಲವು ದಿನ ಹೊಳೆ ದಾಟಲಾಗದಿದ್ದರೆ ಮಾತ್ರೆ ಆಚೆ ದಡದಲ್ಲಿ, ರೋಗಿ ಈಚೆ ದಡದಲ್ಲಿ. ಜೂನ್ ತಿಂಗಳಲ್ಲೇ ಪರೀಕ್ಷೆಯ ಕಿಟ್ಟೂ ಮಾತ್ರೆಯೂ ಗಡ್ಡಿಯೊಳಗೆ ಇರಬೇಕು, ಬಳಸಲು ಕಲಿತ ಒಬ್ಬರು ಅಲ್ಲೇ ವಾಸಿಸುವವರಾಗಿರಬೇಕು.

ಸಮುದ್ರದ ದ್ವೀಪಗಳಿಗೂ ನಮಗೂ ಇನ್ನೊಂದು ನಂಟಿದೆ. 2004ರಲ್ಲಿ ಕೆನ್ಯಾದ ಲಾಮು ದ್ವೀಪದಲ್ಲಿ ಚಿಕೂನ್‌ಗುನ್ಯಾ ಎದ್ದಿತು. 2005ರಲ್ಲಿ ಕೊಮೊರೊಸ್‌ಗೆ, ಅಲ್ಲಿಂದ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ದಾಟಿತು. ರಿಯೂನಿಯನ್‌ನಲ್ಲಿ 2005-06ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ, ಅಂದರೆ ಮೂವರಲ್ಲಿ ಒಬ್ಬರು, ಕೀಲು ಹಿಡಿದು ಮಲಗಿದರು. ಅದೇ ಆಫ್ರಿಕಾ ಮೂಲದ ವೈರಸ್ 2005ರ ಕೊನೆಗೆ ಆಂಧ್ರದಲ್ಲೂ ಅಂದಿನ ಗುಲ್ಬರ್ಗ ಜಿಲ್ಲೆಯಲ್ಲೂ ಕಾಣಿಸಿಕೊಂಡಿತು. ಯಾದಗಿರಿ, ಸುರಪುರ, ಶಹಾಪುರ ಆಗ ಗುಲ್ಬರ್ಗದ ತಾಲ್ಲೂಕುಗಳು. 1973ರ ನಂತರ ದೇಶ ಮರೆತೇಬಿಟ್ಟಿದ್ದ ರೋಗ ಅದು, ಯುವ ವೈದ್ಯರು ಕಣ್ಣಾರೆ ಕಂಡಿರಲಿಲ್ಲ. 2006ರಲ್ಲಿ ದೇಶದ ಲೆಕ್ಕ ಸುಮಾರು 14 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಆ ವರ್ಷವನ್ನು ಇಲ್ಲಿನ ಹಿರಿಯರು ಇನ್ನೂ ಮೊಣಕಾಲಿನಿಂದ ನೆನೆಯುತ್ತಾರೆ. ಜ್ವರ ವಾರದಲ್ಲಿ ಹೋಯಿತು, ನೋವು ತಿಂಗಳುಗಟ್ಟಲೆ ಉಳಿಯಿತು. ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂರಲಾಗದೆ ಒಂದು ಹಂಗಾಮಿನ ಕೂಲಿಯನ್ನೇ ಕಳೆದುಕೊಂಡವರು ಬಹಳ.

ಆ ಕಿಚ್ಚಿಗೆ ಸೌದೆ ಒಡ್ಡಿದ್ದು ಗದ್ದೆಯೂ ಅಲ್ಲ, ಗಟಾರವೂ ಅಲ್ಲ, ಮನೆಯೊಳಗಿನ ನೀರು. ಚಿಕೂನ್‌ಗುನ್ಯಾ, ಡೆಂಗಿ, ಝೀಕಾ ಮೂರನ್ನೂ ಹೊರುವ ಈಡಿಸ್ ಈಜಿಪ್ಟೈ ಸೊಳ್ಳೆ ಮನುಷ್ಯರ ಮನೆಯಲ್ಲೇ ಸಂಸಾರ ಹೂಡಿದ ಸೊಳ್ಳೆ. ಮಧ್ಯಾಹ್ನ ಹನ್ನೆರಡಕ್ಕೆ ಬಚ್ಚಲ ಮೂಲೆಯ ಬ್ಯಾರಲ್ಲಿನ ಹಲಗೆಯನ್ನು ಮೆಲ್ಲಗೆ ಎತ್ತಿ ನೋಡಿ. ನೀರು ಕನ್ನಡಿಯಷ್ಟು ತಿಳಿ. ಮೇಲ್ಪದರಕ್ಕೆ ಬಾಲದ ತುದಿ ತಾಗಿಸಿ, ತಲೆ ಕೆಳಗಾಗಿ ಓರೆಯಾಗಿ ನೇತುಬಿದ್ದ ಕೂದಲೆಳೆಯಂಥ ಹುಳಗಳು ಕಾಣುತ್ತವೆ. ಬಾಲದ ಆ ಕೊಳವೆಯಿಂದಲೇ ಅವು ಉಸಿರಾಡುವುದು. ನಿಮ್ಮ ನೆರಳು ಬಿದ್ದ ಕ್ಷಣವೇ ಮೈ ತಿರುಚಿ ತಿರುಚಿ ತಳಕ್ಕಿಳಿಯುತ್ತವೆ. ಅರೆ ನಿಮಿಷ ಅಲುಗದೆ ನಿಂತರೆ ಒಂದೊಂದಾಗಿ ಮತ್ತೆ ಮೇಲೆ ಬರುತ್ತವೆ. ನಡುವೆ ಅಲ್ಪವಿರಾಮದ ಆಕಾರದ ದಪ್ಪತಲೆಯವು ಇದ್ದರೆ ಅವು ಕೋಶಾವಸ್ಥೆಯವು, ಇನ್ನೆರಡು ದಿನದಲ್ಲಿ ರೆಕ್ಕೆ ಬರುತ್ತದೆ. ಅನಾಫಿಲಿಸ್ ಮರಿಹುಳ ಹೀಗೆ ನೇತಾಡುವುದಿಲ್ಲ, ನೀರಿನ ಮೇಲೆ ಅಡ್ಡಡ್ಡ ಮಲಗಿರುತ್ತದೆ. ಈ ಒಂದು ವ್ಯತ್ಯಾಸ ಕಲಿತರೆ ಏಳನೆಯ ತರಗತಿಯ ಹುಡುಗಿಯೂ ತನ್ನ ಓಣಿಯ ಸಮೀಕ್ಷೆ ಮಾಡಬಲ್ಲಳು.

ನೀರು ಚೆಲ್ಲಿದರೆ ಹುಳ ಸಾಯುತ್ತವೆ, ಮೊಟ್ಟೆ ಸಾಯುವುದಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಕೂದಲೆಳೆ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ಮುಟ್ಟಿದಾಗ ಒಡೆಯುತ್ತವೆ. ಆದ್ದರಿಂದ ಬ್ಯಾರಲ್, ಹೌದು ಎನ್ನುವ ನೀರಿನ ತೊಟ್ಟಿ, ಹರವಿ, ದನದ ದೋಣಿ ಇವುಗಳ ಒಳಗೋಡೆಯನ್ನು ತೆಂಗಿನ ನಾರಿನಿಂದಲೋ ಬ್ರಶ್ಶಿನಿಂದಲೋ ತಿಕ್ಕಬೇಕು. ವಾರಕ್ಕೊಂದು 'ಒಣದಿನ' ಮಾಡಿ ಎಂದು ಆರೋಗ್ಯ ಇಲಾಖೆ ಹೇಳುವುದು ಇದಕ್ಕೇ. ಮೊಟ್ಟೆ ಸೊಳ್ಳೆಯಾಗಲು ಬೇಕಾದ ಎಂಟು ಹತ್ತು ದಿನದ ಸರಪಣಿಯನ್ನು ವಾರದಲ್ಲೊಮ್ಮೆ ಕಡಿದರೆ ಸಾಕು.

ಹೇಳುವುದು ಸುಲಭ. ಆಶಾ ಬಂದು "ನೀರು ಚೆಲ್ರೀ ಅಕ್ಕಾರ" ಅಂದರೆ ಮನೆಯೊಡತಿಯ ಉತ್ತರ ನಮಗೆಲ್ಲ ಗೊತ್ತು: "ನಳ ಮತ್ತ ಯಾವಾಗ ಬರ್ತಾವೋ ಏನೋ, ಇದನ್ನ ಚೆಲ್ಲಿ ನಾಳೆ ಏನ್ ಮಾಡ್ಲೆವ್ವಾ?" ಆ ಮಾತಿನಲ್ಲಿ ಅಜ್ಞಾನ ಇಲ್ಲ. ಬ್ಯಾರಲ್ ಹುಟ್ಟಿದ್ದೇ ನಳದ ಮೇಲಿನ ಅಪನಂಬಿಕೆಯಿಂದ. ಹೀಗಾಗಿಯೇ ಡೆಂಗಿ ಮಳೆಗಾಲದ ರೋಗವಷ್ಟೇ ಅಲ್ಲ, ಮಳೆ ಹನಿಯದ ಬೇಸಿಗೆಯಲ್ಲೂ ನೀರಿನ ಅಭಾವ ಹೆಚ್ಚಿದಷ್ಟೂ ಮನೆಯಲ್ಲಿ ಕೂಡಿಟ್ಟ ನೀರು ಹೆಚ್ಚುತ್ತದೆ. 2024ರಲ್ಲಿ ರಾಜ್ಯದಲ್ಲಿ ಡೆಂಗಿ ಪ್ರಕರಣ 25 ಸಾವಿರ ದಾಟಿದಾಗ ಸರ್ಕಾರ ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದು ನಿಯಮ ಬಂತು. ಕಟ್ಟಡ ಗುತ್ತಿಗೆದಾರನಿಗೆ ದಂಡ ಹಾಕಿದರೆ ನನ್ನ ತಕರಾರಿಲ್ಲ. ದಿನಾ ನೀರು ಕೊಡಲಾಗದ ವ್ಯವಸ್ಥೆ, ನೀರು ಕೂಡಿಟ್ಟ ಬಡ ಮನೆಯ ಹೆಣ್ಣುಮಗಳಿಗೆ ದಂಡ ಹಾಕುವುದು ಅನ್ಯಾಯ.

ಡೆಂಗಿ ಬಂದವರ ಮನೆಯವರಿಗೆ ಎರಡು ಮಾತು. ನಮ್ಮಲ್ಲಿ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಅಂಕಿಯ ಮೇಲೆ. ಅಪಾಯದ ಹೊತ್ತು ಸಾಮಾನ್ಯವಾಗಿ ಜ್ವರ ಇಳಿಯುವಾಗ, ನಾಲ್ಕರಿಂದ ಆರನೆಯ ದಿನದಲ್ಲಿ ಬರುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಇವು ಕಂಡರೆ ಅಂಕಿ ಎಷ್ಟಿದ್ದರೂ ಆಸ್ಪತ್ರೆಗೆ ಹೊರಡಬೇಕು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್, ಓಆರ್‌ಎಸ್, ಗಂಜಿ, ಮಜ್ಜಿಗೆ, ವಿಶ್ರಾಂತಿ. ಹಗಲು ಮಲಗಿದ ರೋಗಿಗೂ ಸೊಳ್ಳೆ ಪರದೆ ಬೇಕು, ಯಾಕೆಂದರೆ ಈ ಸೊಳ್ಳೆ ಹಗಲುಗಚ್ಚು. ರೋಗಿಯ ರಕ್ತ ಹೀರಿದ್ದು ಎಂಟು ಹತ್ತು ದಿನ ಬದುಕಿದರೆ ಪಕ್ಕದ ಮನೆಯ ಮಗುವಿಗೆ ವೈರಸ್ ದಾಟಿಸುತ್ತದೆ.

ಝೀಕಾ ಕೂಡ ದೂರದ ಮಾತಲ್ಲ. 2007ರಲ್ಲಿ ಪೆಸಿಫಿಕ್ಕಿನ ಯಾಪ್ ದ್ವೀಪದಲ್ಲಿ ಮೊದಲ ಬಾರಿ ದೊಡ್ಡದಾಗಿ ಎದ್ದ ಆ ರೋಗ 2022ರ ಡಿಸೆಂಬರಿನಲ್ಲಿ ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಐದು ವರ್ಷದ ಬಾಲಕಿಯಲ್ಲಿ ದೃಢಪಟ್ಟಿತು, ರಾಜ್ಯದ ಮೊದಲ ಪ್ರಕರಣ ಅದು. ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ ಹಂದಿ, ಬಕ, ಕೊಕ್ಕರೆಗಳಿಂದ ಮಕ್ಕಳಿಗೆ ತರುವ ಜಪಾನೀಸ್ ಮಿದುಳುಜ್ವರವೂ ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತದ ಸೀಮೆಯಲ್ಲಿ ಹಳೆಯದು. ಅದಕ್ಕೆ ಲಸಿಕೆಯಿದೆ, ಹಾಕಿಸಿದರೆ ಮುಗಿಯಿತು.

ಗಟಾರದ ಸೊಳ್ಳೆಯ ವಿಷಯ ಅಷ್ಟು ಬೇಗ ಮುಗಿಯುವಂಥದ್ದಲ್ಲ. ರಂಗಂಪೇಟೆಯಲ್ಲಿ ಸಂಜೆ ಕಿವಿಯ ಬಳಿ ಗುಂಯ್‌ಗುಟ್ಟುವ ಸೊಳ್ಳೆಗಳಲ್ಲಿ ಬಹುಪಾಲು ಇದೇ, ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್. ಹೊಲಸು ನೀರು ನಿಂತಷ್ಟೂ ಇದಕ್ಕೆ ಸುಖ: ಹೂಳು ತುಂಬಿದ ಗಟಾರ, ಬಚ್ಚಲ ಗುಂಡಿ, ಬಿರುಕುಬಿಟ್ಟ ಶೌಚಗುಂಡಿ. ಇದು ಹೊರುವ, ಆನೆಕಾಲು ರೋಗ ತರುವ ಫೈಲೇರಿಯಾ ಹುಳ ಒಂದು ಕಚ್ಚಿಗೆ ಅಂಟುವುದಲ್ಲ. ವರ್ಷಾನುಗಟ್ಟಲೆ, ಸಾವಿರಾರು ಕಚ್ಚು ತಿಂದ ಮೇಲೆ ದೇಹದ ದುಗ್ಧನಾಳಗಳಲ್ಲಿ ನೂಲಿನಂಥ ಹುಳ ನೆಲೆಸುತ್ತವೆ, ಐದಾರು ವರ್ಷ ಬದುಕುತ್ತವೆ, ಲಕ್ಷಗಟ್ಟಲೆ ಸೂಕ್ಷ್ಮ ಮರಿಗಳನ್ನು ರಕ್ತಕ್ಕೆ ಬಿಡುತ್ತವೆ. ಕಾಲು ಬಾಯುವುದು, ವೃಷಣದಲ್ಲಿ ನೀರು ತುಂಬುವುದು ಬಹಳ ತಡವಾಗಿ. ಬಾಲ್ಯದಲ್ಲಿ ತಗುಲಿದ್ದು ನಡುವಯಸ್ಸಿನಲ್ಲಿ ಕಾಣುತ್ತದೆ. ಕೊಲ್ಲದ ರೋಗವಾದ್ದರಿಂದ ಯಾರೂ ಬೀದಿಗಿಳಿಯುವುದಿಲ್ಲ. ಚಪ್ಪಲಿ ಹಿಡಿಸದ ಕಾಲನ್ನು ಸೀರೆಯಂಚಿನಲ್ಲಿ ಮುಚ್ಚಿಕೊಂಡು ಮದುವೆಮನೆಯ ಹಿಂಬಾಗಿಲಲ್ಲೇ ಕೂರುವ ಹೆಂಗಸು, ನೀರು ತುಂಬಿದ್ದನ್ನು ಹೆಂಡತಿಗೂ ಹೇಳದೆ ಹೊಲದ ಕೆಲಸ ಬಿಟ್ಟ ಗಂಡಸು, ಇಂಥವರು ಯಾವ ಪಟ್ಟಿಯಲ್ಲೂ ಬೇಗ ಸೇರುವುದಿಲ್ಲ.

ಕರ್ನಾಟಕದಲ್ಲಿ ಕರಾವಳಿಯ ಮೂರು ಜಿಲ್ಲೆಗಳ ಜೊತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಫೈಲೇರಿಯಾ ಪೀಡಿತ ಎಂದು ಗುರುತಾದವು. ಆ ಹುಳುವಿನ ಮರಿಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿ, ಸೊಳ್ಳೆ ಕಚ್ಚುವ ರಾತ್ರಿಯ ಹೊತ್ತಿಗೇ ಹೊರಮೈಯ ರಕ್ತಕ್ಕೆ ಬರುತ್ತವೆ. ಆದ್ದರಿಂದ ಆರೋಗ್ಯ ಸಿಬ್ಬಂದಿ ರಾತ್ರಿ ಹತ್ತರ ಮೇಲೆ ಟಾರ್ಚು ಹಿಡಿದು ಮನೆಬಾಗಿಲು ತಟ್ಟಿ, ನಿದ್ದೆಗಣ್ಣಿನವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಬಳಿದುಕೊಂಡು ಹೋಗಬೇಕು. ಈ ಕೆಲಸ ಮಾಡುವವರ ಬಗ್ಗೆ ನನಗೆ ಅಪಾರ ಗೌರವ.

ಮೊದಲಲ್ಲಿ ಹೇಳಿದ ಮೂರು ಔಷಧಗಳ ಪರೀಕ್ಷೆಯನ್ನು ಯಾದಗಿರಿಯಲ್ಲಿ ನಡೆಸಿದವರು ಪುದುಚೇರಿಯ ಐಸಿಎಂಆರ್ ವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಹಳೆಯ ಡಿಇಸಿ, ಆಲ್ಬೆಂಡಜೋಲ್ ಜೊತೆಗೆ ಐವರ್ಮೆಕ್ಟಿನ್ ಸೇರಿಸಿದರೆ ಸುರಕ್ಷಿತವೇ ಎಂಬುದು ಪ್ರಶ್ನೆ. ಎರಡು ಔಷಧದಷ್ಟೇ ಮೂರೂ ಸುರಕ್ಷಿತ ಎಂದು ಐದು ದೇಶಗಳ ಫಲಿತಾಂಶ ಹೇಳಿತು. 2018ರ ಕೊನೆಯಿಂದ ದೇಶದ ಆಯ್ದ ಜಿಲ್ಲೆಗಳಲ್ಲಿ ತ್ರಿವಳಿ ಮಾತ್ರೆ ಬಂತು. ಬೇರೆ ರಾಜ್ಯದ ಕೋಟ್ಯಂತರ ಜನ ಇಂದು ನುಂಗುವ ಮಾತ್ರೆಯ ಹಿಂದೆ ಯಾದಗಿರಿಯ ಹಳ್ಳಿಗರ ಧೈರ್ಯವೂ ಇದೆ. ಹಿಂದುಳಿದ ಜಿಲ್ಲೆ ಎಂದು ನಮ್ಮನ್ನು ಕರೆಯುವವರು ಇದನ್ನೂ ನೆನೆಯಲಿ.

ಅದೇ ಊರುಗಳಲ್ಲಿ ಮಾತ್ರೆಯನ್ನು ಕೈಯಲ್ಲಿ ಇಸಿದುಕೊಂಡು "ಆಮೇಲೆ ತೊಗೋತೀವಿ" ಅನ್ನುವವರೂ ಇದ್ದಾರೆ. ಕಳೆದ ಸಲ ನುಂಗಿದವರಿಗೆ ತಲೆಸುತ್ತು, ಜ್ವರ ಬಂದದ್ದು ಕಾರಣ. ರಕ್ತದಲ್ಲಿ ಹುಳುವಿನ ಮರಿಗಳಿದ್ದವರಿಗೆ, ಅವು ಸಾಯುವಾಗ ಹೀಗಾಗುವುದು ಹೆಚ್ಚು. ಒಂದೆರಡು ದಿನದಲ್ಲಿ ಹೋಗುತ್ತದೆ. ಇದನ್ನು ಮಾತ್ರೆ ಕೊಡುವ ಮೊದಲೇ ಬಿಡಿಸಿ ಹೇಳಬೇಕು, ಊಟವಾದ ಮೇಲೆ ಎದುರಿಗೇ ನುಂಗಿಸಬೇಕು. ಗರ್ಭಿಣಿಯರಿಗೆ, ತೀರ ಎಳೆಯ ಮಕ್ಕಳಿಗೆ, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ಈಗಾಗಲೇ ಕಾಲು ಬಾತವರಿಗೆ ಮಾತ್ರೆ ಆ ಬಾವನ್ನು ಇಳಿಸುವುದಿಲ್ಲ. ಅವರಿಗೆ ಬೇಕಾದದ್ದು ದಿನಾ ಸಾಬೂನಿನಿಂದ ಕಾಲು ತೊಳೆದು, ಬೆರಳ ಸಂದಿನವರೆಗೆ ಒರೆಸಿ ಒಣಗಿಸಿ, ಗಾಯವಿದ್ದರೆ ಮುಲಾಮು ಹಚ್ಚಿ, ಕಾಲು ಮೇಲಿಟ್ಟು ಮಲಗುವುದು. ಇಷ್ಟರಿಂದ ಮತ್ತೆ ಮತ್ತೆ ಬರುವ ಜ್ವರದುರಿ ಕಡಿಮೆಯಾಗುತ್ತದೆ. ವೃಷಣದ ನೀರಿಗೆ ಶಸ್ತ್ರಚಿಕಿತ್ಸೆ ಇದೆ, ಗುಣವಾಗುತ್ತದೆ.

ಈಗ ಹೊಗೆಯ ಮಾತು. ಫಾಗಿಂಗ್ ಯಂತ್ರದ ಹೊಗೆ ಆ ಕ್ಷಣ ಗಾಳಿಯಲ್ಲಿ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಿನ ಹುಳಕ್ಕೆ ಅದು ಮುಟ್ಟುವುದಿಲ್ಲ. ಈಡಿಸ್ ಮನೆಯೊಳಗೆ ಗೂಟಕ್ಕೆ ನೇತ ಬಟ್ಟೆಯ ಹಿಂದೆ, ಮಂಚದ ಅಡಿ ಕೂತಿರುತ್ತದೆ, ಹೊಗೆ ಬೀದಿಯಲ್ಲಿ ಹೋಗುತ್ತದೆ. ಹೊಗೆ ಬಂದಾಗ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಮಲೇರಿಯಾದ ಸೊಳ್ಳೆ ಆ ಹೊತ್ತಿಗೆ ದನದ ಕೊಟ್ಟಿಗೆಯಲ್ಲಿರುತ್ತದೆ. ಡೆಂಗಿ ಖಚಿತವಾದ ಮನೆಯ ಸುತ್ತ ಒಳಾಂಗಣದಲ್ಲಿ ಹೊಡೆದರೆ ಸ್ವಲ್ಪ ಉಪಯೋಗ. ಊರತುಂಬ ಹೊಡೆಯುವುದು ಕಣ್ಣಿಗೆ ಕಾಣುವ ಕೆಲಸ ಎಂಬ ಕಾರಣಕ್ಕೆ ಉಳಿದಿದೆ.

ಉಪಯೋಗವಾಗುವುದು ಏನೆಂದು ನಮಗೆ ನಮ್ಮ ರಾಜ್ಯದ ಅನುಭವವೇ ಹೇಳಿದೆ. ಕೋಲಾರದ ಕಾಮಸಮುದ್ರಂ ಸೀಮೆಯಲ್ಲಿ 1990ರ ದಶಕದಲ್ಲಿ ಬಾವಿ, ಕೆರೆಗಳಿಗೆ ಸೊಳ್ಳೆಯ ಮರಿಹುಳ ತಿನ್ನುವ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನು ಬಿಟ್ಟು ಮಲೇರಿಯಾವನ್ನು ಹತ್ತಿಕ್ಕಿದರು. ಸುರಪುರದ ಬಾವಿ, ಹೌದು, ದೋಣಿಗೂ ಗಪ್ಪಿ ಸಾಕು. ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೊಂದು ಮೀನಿನ ತೊಟ್ಟಿಯಿದ್ದರೆ ಜನ ಕೊಡದಲ್ಲಿ ಒಯ್ಯುತ್ತಾರೆ. ಹರಿಯುವ ಹಳ್ಳ, ಕೃಷ್ಣೆಗೆ ಮಾತ್ರ ಇವನ್ನು ಬಿಡಬಾರದು, ನಮ್ಮ ನಾಡಮೀನಿಗೆ ಕುತ್ತು. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ವೊಲ್‌ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿದ ಈಡಿಸ್ ಸೊಳ್ಳೆ ಬಿಟ್ಟು ಡೆಂಗಿಯನ್ನು ಶೇ. 77ರಷ್ಟು ತಗ್ಗಿಸಿದ ಫಲಿತಾಂಶ 2021ರಲ್ಲಿ ಬಂತು. ಪುದುಚೇರಿ ಕೇಂದ್ರವೂ ಅಂಥ ತಳಿ ಬೆಳೆಸಿದೆ. ಬರಲಿ, ಆದರೆ ಅದಕ್ಕಾಗಿ ಕಾದು ಕೂರುವುದು ಬೇಡ.

ಕಾಲುವೆಯಲ್ಲಿ ವಾರಾಬಂದಿ ಎಂಬ ಚಾಲು-ಬಂದ್ ಪದ್ಧತಿ ಇದೆ. ನೀರು ಬಂದ್ ಆದ ದಿನಗಳು ಗದ್ದೆಯನ್ನು ಪೂರ್ತಿ ಆರಿಸುವಷ್ಟು ಉದ್ದವಿದ್ದರೆ ಅಲ್ಲಿನ ಹುಳ ಸಾಯುತ್ತವೆ. ಆದರೆ ಅದೇ ದಿನಗಳಲ್ಲಿ ಕಾಲುವೆಯ ತಳದ ಕುಳಿಗಳಲ್ಲಿ ನಿಂತ ನೀರು ಹೊಸ ಹುಳ ಹುಟ್ಟಿಸುತ್ತದೆ. ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನಿಸುವಾಗ ಎಂಜಿನಿಯರು, ಶಾಸಕರು, ರೈತರು ಇರುತ್ತಾರೆ. ಜಿಲ್ಲೆಯ ಮಲೇರಿಯಾ ಅಧಿಕಾರಿಗೂ ಅಲ್ಲೊಂದು ಕುರ್ಚಿ ಬೇಕು, ಅವರ ಮಾತಿಗೆ ತೂಕ ಬೇಕು.

ರಂಗಂಪೇಟೆಗೆ ನನ್ನ ಬೇಡಿಕೆ ಇನ್ನೂ ಸಣ್ಣದು, ನಗರಸಭೆ ನಾಳೆಯೇ ಮಾಡಬಹುದಾದದ್ದು. ನಳ ಯಾವ ಓಣಿಗೆ ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ವಾರ್ಡಿಗೊಂದು ಹಲಗೆ ಬರೆಸಿ ತೂಗುಹಾಕಲಿ, ಬರೆದಂತೆ ನೀರು ಬಿಡಲಿ. ಪೈಪು ಒಡೆದು ತಪ್ಪಿದರೆ ಹಿಂದಿನ ದಿನವೇ ಧ್ವನಿವರ್ಧಕದಲ್ಲಿ ಸಾರಲಿ. ಆಗ ಒಣದಿನವನ್ನು ಇಡೀ ಜಿಲ್ಲೆಗೆ ಒಂದೇ ವಾರ ಎಂದು ಗೊತ್ತು ಮಾಡದೆ, ಆಯಾ ಓಣಿಯ ನಳ ಬರುವ ಹಿಂದಿನ ಸಂಜೆಗೆ ಇಡಬಹುದು. ಉಳಿದ ಅರ್ಧ ಕೊಡ ನೀರಿನಲ್ಲಿ ಬ್ಯಾರಲ್ ತಿಕ್ಕಿ, ಚೆಲ್ಲಿ, ಬೋರಲು ಹಾಕಿ ಮಲಗಲು ಆಗ ಯಾವ ಮನೆಯೊಡತಿಯೂ ಹೆದರಬೇಕಾಗಿಲ್ಲ.